ತಲೆಗೆ ಪೆಟ್ಟಾದ ಮಗು ಮತ್ತೆ ಶಾಲೆಗೆ ಹೋಗುವಾಗ: ಮನೆಯವರಿಗೂ ಮಾಸ್ತರರಿಗೂ

ಹೊಲಿಗೆ ಬಿಚ್ಚಿ, ಬೋಳಿಸಿದ ಜಾಗದಲ್ಲಿ ಕೂದಲು ಬೆಳೆದ ಮೇಲೆ ಮಗು ನೋಡುವವರ ಕಣ್ಣಿಗೆ ಹುಷಾರಾಗಿಯೇ ಕಾಣುತ್ತದೆ. ನಡೆಯುತ್ತದೆ, ಮಾತಾಡುತ್ತದೆ, ರೊಟ್ಟಿ ತಿನ್ನುತ್ತದೆ. ಶಾಲೆಗೆ ಬಂದ ದಿನ ಎಲ್ಲರೂ ಹಳೆಯ ಹುಡುಗನನ್ನೇ ಎದುರು ನೋಡುತ್ತಾರೆ. ಹತ್ತು ದಿನ ಕಳೆಯುವಷ್ಟರಲ್ಲಿ ದೂರು ಶುರುವಾಗುತ್ತದೆ: ಮಧ್ಯಾಹ್ನ ಬೆಂಚಿಗೆ ತಲೆ ಕೊಡುತ್ತಾನೆ, ಹೇಳಿದ್ದು ಮರೆಯುತ್ತಾನೆ, ಸಣ್ಣ ಮಾತಿಗೂ ಸಿಡುಕುತ್ತಾನೆ. ಇದನ್ನು ಸೋಮಾರಿತನ, ಸೊಕ್ಕು ಎಂದುಕೊಂಡರೆ ಆ ಮಗು ಶಾಲೆ ಬಿಡುವ ದಾರಿ ಅಲ್ಲಿಂದಲೇ ತೆರೆಯುತ್ತದೆ. ಮೊದಲು ಸಲೀಸಾಗಿ ಆಗುತ್ತಿದ್ದ ಕೆಲಸಕ್ಕೆ ಪೆಟ್ಟಾದ ಮೆದುಳು ಈಗ ಹೆಚ್ಚು ಶ್ರಮ ಪಡುತ್ತಿದೆ, ಬೇಗ ದಣಿಯುತ್ತಿದೆ. ಮುಂದಿನ ಹೆಜ್ಜೆಗಳೆಲ್ಲ ಈ ದಣಿವನ್ನು ಅಳೆದು, ಅದಕ್ಕೆ ತಕ್ಕಂತೆ ಓದಿನ ಹೊರೆ ಏರಿಸುವ ಬಗೆಗೇ ಇವೆ.

ನಮ್ಮ ಕಡೆ ಮಕ್ಕಳ ತಲೆಗೆ ಪೆಟ್ಟು ಬೀಳುವ ಬಗೆಗಳು ಎಲ್ಲರಿಗೂ ಗೊತ್ತಿರುವಂಥವೇ. ಹೆಲ್ಮೆಟ್ಟಿಲ್ಲದೆ ಮೂವರು ಕೂತ ಬೈಕು, ಹತ್ತಿ ಮೆಣಸಿನಕಾಯಿ ಬಿಡಿಸಲು ಆಳು ತುಂಬಿಕೊಂಡು ಹೋಗುವ ಟ್ರ್ಯಾಕ್ಟರ್, ತಡೆಗೋಡೆಯಿಲ್ಲದ ಮಾಳಿಗೆ, ಹುಣಸೆ ಮರ, ಪಂಚಮಿಯ ಜೋಕಾಲಿ. ಬಳ್ಳಾರಿ, ರಾಯಚೂರು, ಕೊಪ್ಪಳ ಜಪಾನೀಸ್ ಮೆದುಳು ಜ್ವರ ಕಂಡುಬಂದಿರುವ ಜಿಲ್ಲೆಗಳೂ ಹೌದು. ಆ ಜ್ವರದಿಂದ ಎದ್ದ ಮಗುವಿಗೂ ಇಲ್ಲಿ ಹೇಳಿದ ಬಹುಪಾಲು ಮಾತು ಅನ್ವಯಿಸುತ್ತದೆ.

ಆಸ್ಪತ್ರೆ ಬಿಡುವ ಮೊದಲು

ಬಳ್ಳಾರಿಯ ವಿಮ್ಸ್ (ಈಗಿನ ಬಿ.ಎಂ.ಸಿ.ಆರ್.ಸಿ.) ಆಗಲಿ, ರಾಯಚೂರಿನ ರಿಮ್ಸ್ ಆಗಲಿ, ಕೊಪ್ಪಳದ ಕಿಮ್ಸ್ ಆಗಲಿ, ಬೆಂಗಳೂರಿನ ನಿಮ್ಹಾನ್ಸ್ ಆಗಲಿ, ಎಲ್ಲಿಂದ ಬಂದರೂ ಡಿಸ್ಚಾರ್ಜ್ ಕಾರ್ಡಿನ ಮೂರು ಜೆರಾಕ್ಸ್ ಮಾಡಿಸಿ. ಒಂದು ಮನೆಗೆ, ಒಂದು ಶಾಲೆಗೆ, ಇನ್ನೊಂದು ಮುಂದೆ ಬೇಕಾದರೆ ವೈಕಲ್ಯದ ಪ್ರಮಾಣಪತ್ರಕ್ಕೆ. ಸ್ಕ್ಯಾನ್ ಫಿಲ್ಮನ್ನು ತಗಡಿನ ಸೂರಿನ ಸಂದಿಗೆ ಸಿಕ್ಕಿಸಬೇಡಿ, ನಮ್ಮ ಬೇಸಿಗೆಯ ಕಾವಿಗೆ ಅದು ಕಪ್ಪಾಗಬಹುದು. ಟ್ರಂಕಿನಲ್ಲಿ ಬಟ್ಟೆಯ ನಡುವೆ ಇಡಿ.

ಕಾರ್ಡಿನಲ್ಲಿ ಜಿ.ಸಿ.ಎಸ್. ಎಂಬ ಅಂಕಿ ಇರುತ್ತದೆ. ಕಣ್ಣು ತೆರೆಯುವುದು, ಮಾತು, ಕೈಕಾಲಿನ ಚಲನೆ ನೋಡಿ ಕೊಡುವ ಅಂಕ ಅದು. ಕಡಿಮೆಯೆಂದರೆ 3, ಹೆಚ್ಚೆಂದರೆ 15. ಆಸ್ಪತ್ರೆಗೆ ತಂದಾಗ 13ರಿಂದ 15 ಇದ್ದರೆ ಸೌಮ್ಯ ಪೆಟ್ಟು, 9ರಿಂದ 12 ಇದ್ದರೆ ಮಧ್ಯಮ, 8 ಅಥವಾ ಅದಕ್ಕಿಂತ ಕಡಿಮೆಯಿದ್ದರೆ ತೀವ್ರ. ಶಾಲೆಯವರು ನೋಡಬೇಕಾದದ್ದು ಸೇರಿಸಿದ ದಿನದ ಅಂಕಿಯನ್ನು. ಬಿಡುಗಡೆಯ ದಿನದ 15/15 ನೋಡಿ ಪೂರ್ತಿ ವಾಸಿಯಾಗಿದೆ ಎಂದುಕೊಳ್ಳುವವರು ಬಹಳ. ಮಗು ಎಚ್ಚರವಾಗಿದೆ, ಸರಿಯಾಗಿ ಉತ್ತರಿಸುತ್ತದೆ, ಹೇಳಿದಂತೆ ಕೈಕಾಲು ಆಡಿಸುತ್ತದೆ ಎಂಬುದನ್ನು ಬಿಟ್ಟು ಆ ಅಂಕಿ ಬೇರೇನೂ ಹೇಳುವುದಿಲ್ಲ. 40 ನಿಮಿಷದ ಗಣಿತದ ಪಿರಿಯಡ್ ತಡೆದೀತೇ ಎಂಬುದು ಅದರಲ್ಲಿಲ್ಲ. ಹಾಗೆಯೇ ಸೌಮ್ಯ ಪೆಟ್ಟಿನಲ್ಲಿ ಸ್ಕ್ಯಾನ್ ನಾರ್ಮಲ್ ಬರುವುದೇ ಹೆಚ್ಚು. ಸ್ಕ್ಯಾನಿನಲ್ಲಿ ಏನೂ ಇಲ್ಲ ಎಂದ ಮಾತ್ರಕ್ಕೆ ಮಗುವಿನ ತಲೆನೋವು ಸುಳ್ಳಲ್ಲ.

ಡಾಕ್ಟರನ್ನು ಕೇಳಿ ಚೀಟಿಯ ಮೇಲೆ ಬರೆಸಿಕೊಳ್ಳಿ: ಫಿಟ್ಸ್ ಬಂದಿತ್ತೇ, ಅದರ ಗುಳಿಗೆ ಎಷ್ಟು ಹೊತ್ತಿಗೆ, ಎಲ್ಲಿಯವರೆಗೆ? ಕಣ್ಣು, ಕಿವಿ ಪರೀಕ್ಷೆ ಆಗಿದೆಯೇ? ತಲೆಯ ಮೂಳೆ ತೆಗೆದಿದ್ದಾರೆಯೇ, ಯಾವಾಗ ಕೂರಿಸುತ್ತಾರೆ? ಆಟ, ಸೈಕಲ್ ಯಾವಾಗಿನಿಂದ? ಮುಂದಿನ ಭೇಟಿ ಯಾವಾಗ?

ಮೂಳೆಯ ಪ್ರಶ್ನೆ ಬಹಳ ಮುಖ್ಯ. ಮೆದುಳು ಬಾತಾಗ ಒತ್ತಡ ಇಳಿಸಲು ತಲೆಬುರುಡೆಯ ಒಂದು ತುಂಡನ್ನು ತೆಗೆದು, ಹೊಟ್ಟೆಯ ಚರ್ಮದ ಕೆಳಗೆ ಇಟ್ಟು, ತಿಂಗಳುಗಳ ನಂತರ ಮತ್ತೆ ಕೂರಿಸುವುದುಂಟು. ಅಲ್ಲಿಯವರೆಗೆ ತಲೆಯ ಆ ಭಾಗ ಮೆತ್ತಗೆ, ತಗ್ಗಾಗಿ ಇರುತ್ತದೆ. ಕೆಳಗೆ ಮೂಳೆಯ ಕಾವಲಿಲ್ಲ. ಅಂಥ ಮಗು ಶಾಲೆಗೆ ಬರುವುದಾದರೆ ಡಾಕ್ಟರ್ ಒಪ್ಪಿಗೆ ಬೇಕು, ತಲೆಗೆ ರಕ್ಷಣೆಯ ಟೋಪಿ ಬೇಕು, ಕೂರುವ ಜಾಗ ಕಿಟಕಿ ಬಾಗಿಲಿನ ಅಂಚಿನಿಂದ ದೂರವಿರಬೇಕು. ಜೊತೆಯ ಮಕ್ಕಳಿಗೆ ಮೊದಲೇ ತಿಳಿಸಿ ಹೇಳಬೇಕು, ಇಲ್ಲದಿದ್ದರೆ ಕುತೂಹಲಕ್ಕೆ ಒತ್ತಿ ನೋಡುತ್ತಾರೆ.

ಮನೆಯಲ್ಲೇ ತಾಲೀಮು

ಸೌಮ್ಯ ಪೆಟ್ಟಾದರೆ ಮೊದಲ 24ರಿಂದ 48 ತಾಸು ವಿಶ್ರಾಂತಿ. ಮನೆಯೊಳಗೆ ಓಡಾಡಬಹುದು, ಮೊಬೈಲು, ಟಿವಿ ಆದಷ್ಟು ಕಡಿಮೆಯಿರಲಿ. ಅದಾದ ಮೇಲೂ ಕತ್ತಲೆ ಕೋಣೆಯಲ್ಲಿ ವಾರಗಟ್ಟಲೆ ಮಲಗಿಸುವುದು ಬೇಡ. ಅದರಿಂದ ಚೇತರಿಕೆ ತಡವಾಗುತ್ತದೆ, ಮಗು ಮಂಕಾಗುತ್ತದೆ. ಹೆಚ್ಚಿನ ಮಕ್ಕಳು ನಾಲ್ಕು ವಾರದೊಳಗೆ ಚೇತರಿಸಿಕೊಳ್ಳುತ್ತಾರೆ. ಪೆಟ್ಟು ಮಧ್ಯಮ ಅಥವಾ ತೀವ್ರವಾಗಿದ್ದರೆ ತಿಂಗಳುಗಳ ಲೆಕ್ಕ. ಆಗ ಯಾವಾಗ ಶುರು ಮಾಡಬೇಕೆಂದು ಡಾಕ್ಟರೇ ಹೇಳಬೇಕು.

ಶಾಲೆಗೆ ಕಳಿಸುವ ಮೊದಲು ಒಂದು ವಾರ ಮನೆಯಲ್ಲಿ ಹೀಗೆ ಮಾಡಿ. ಶಾಲೆಯ ದಿನದಂತೆಯೇ ಎಬ್ಬಿಸಿ, ಸ್ನಾನ, ಊಟ ಆದ ಮೇಲೆ ಪಠ್ಯಪುಸ್ತಕ ಕೊಟ್ಟು 15 ನಿಮಿಷ ಓದಿಸಿ. ಓದುವ ಮೊದಲು ತಲೆನೋವು ಎಷ್ಟಿದೆ ಎಂದು ಕೈಬೆರಳಲ್ಲಿ ತೋರಿಸಲು ಹೇಳಿ. ಏನೂ ಇಲ್ಲದಿದ್ದರೆ ಮುಷ್ಟಿ, ತಡೆಯಲಾಗದಿದ್ದರೆ ಹತ್ತೂ ಬೆರಳು. ಓದಿದ ಮೇಲೆ ಮತ್ತೆ ಕೇಳಿ. ಎರಡು ಬೆರಳಿನಷ್ಟು ಏರಿ ಒಂದು ತಾಸಿನೊಳಗೆ ಇಳಿದರೆ ಚಿಂತೆಯಿಲ್ಲ, ಮರುದಿನ 20 ನಿಮಿಷ ಮಾಡಿ. ಮೂರು ನಾಲ್ಕು ಏರಿದರೆ ಅಥವಾ ರಾತ್ರಿಯವರೆಗೂ ಇಳಿಯದಿದ್ದರೆ ಮರುದಿನ ಅರ್ಧಕ್ಕೆ ಇಳಿಸಿ. 30ರಿಂದ 45 ನಿಮಿಷ ತಡೆದುಕೊಳ್ಳುವ ಮಗು ಶಾಲೆಯ ಮೊದಲ ದಿನಕ್ಕೆ ತಯಾರಿದೆ. ಈ ಲೆಕ್ಕವನ್ನು ಕ್ಯಾಲೆಂಡರಿನ ಆಯಾ ದಿನದ ಚೌಕದಲ್ಲೇ ಬರೆದಿಡಿ. ಡಾಕ್ಟರಿಗೂ ಮಾಸ್ತರರಿಗೂ ನೂರು ಮಾತಿಗಿಂತ ಆ ಹಾಳೆ ಹೆಚ್ಚು ಹೇಳುತ್ತದೆ.

ಒಂದು ಹಾಳೆ, ಒಂದು ಭೇಟಿ

ಮೊದಲ ದಿನಕ್ಕೆ ಮುಂಚೆಯೇ ಮನೆಯವರು ಹೆಡ್ ಮಾಸ್ತರರನ್ನೂ ತರಗತಿ ಶಿಕ್ಷಕರನ್ನೂ ಕಂಡು ಬರಬೇಕು. ಮಗುವೂ ಜೊತೆಗಿರಲಿ. ಅರ್ಧ ತಾಸು ಸಾಕು. ಹೊರಡುವಾಗ ಕೈಯಲ್ಲಿ ಒಂದು ಹಾಳೆ ಇರಬೇಕು: ಏನಾಗಿದೆ, ಗುಳಿಗೆ ಯಾವುದು, ದಿನಕ್ಕೆ ಎಷ್ಟು ತಾಸು ಶಾಲೆ, ದಣಿದಾಗ ಎಲ್ಲಿ ಮಲಗಿಸುವುದು, ಯಾರಿಗೆ ಫೋನ್ ಮಾಡುವುದು, ಏನು ಮಾಡಿಸಬಾರದು. ಇದರ ಪ್ರತಿಯನ್ನು ಎಲ್ಲ ವಿಷಯದ ಶಿಕ್ಷಕರೂ ಓದಿರಬೇಕು. ಒಬ್ಬ ಅಕ್ಕೋರಿಗೆ ಗೊತ್ತಿದ್ದು, ಮುಂದಿನ ಪಿರಿಯಡ್ಡಿಗೆ ಬಂದ ಸರ್ ಅದೇ ಮಗುವನ್ನು ಬೆಂಚಿನ ಮೇಲೆ ನಿಲ್ಲಿಸಿದರೆ ಬೆಳಗಿನ ಕಾಳಜಿಯೆಲ್ಲ ನೀರುಪಾಲು. ಅತಿಥಿ ಶಿಕ್ಷಕರನ್ನು, ಪಿ.ಇ. ಸರ್ ಅವರನ್ನು, ಬಿಸಿಯೂಟದ ಅಕ್ಕಂದಿರನ್ನು ಮರೆಯಬೇಡಿ.

ಹೊಡೆತದ ವಿಷಯ ಇದೇ ಭೇಟಿಯಲ್ಲಿ ಬಾಯಿಬಿಟ್ಟು ಮಾತಾಡಿ. ಶಿಕ್ಷಣ ಹಕ್ಕು ಕಾಯ್ದೆ ಯಾವ ಮಗುವನ್ನೂ ಹೊಡೆಯುವುದನ್ನು ನಿಷೇಧಿಸಿದೆ. ಈ ಮಗುವಿಗಂತೂ ತಲೆಗೆ ಮೊಟಕುವುದು, ಕಪಾಳಕ್ಕೆ ಹೊಡೆಯುವುದು, ಭುಜ ಹಿಡಿದು ಅಲುಗಾಡಿಸುವುದು ಅಪಾಯವೇ ಸರಿ. ಬಿಸಿಲಲ್ಲಿ ನಿಲ್ಲಿಸುವುದೂ ಬೇಡ.

ಸರ್ಕಾರಿ ಶಾಲೆಯಾದರೆ ಕ್ಷೇತ್ರ ಸಂಪನ್ಮೂಲ ಕೇಂದ್ರದಲ್ಲಿ ವಿಶೇಷ ಅಗತ್ಯವುಳ್ಳ ಮಕ್ಕಳಿಗಾಗಿ ಬಿ.ಐ.ಇ.ಆರ್.ಟಿ. ಶಿಕ್ಷಕರಿರುತ್ತಾರೆ. ಹೆಡ್ ಮಾಸ್ತರರ ಮೂಲಕ ಅವರಿಗೆ ಸುದ್ದಿ ಮುಟ್ಟಿಸಿ. ಶಾಲೆಗೆ ಬರಲಾಗದಷ್ಟು ತೊಂದರೆಯಿರುವ ಮಗುವಿಗೆ ಗೃಹಾಧಾರಿತ ಶಿಕ್ಷಣದ ವ್ಯವಸ್ಥೆಯೂ ಇವರ ಕೈಯಲ್ಲೇ ಇದೆ.

ಎಷ್ಟು ತಾಸು, ಯಾವ ದಿನ

ಸೋಮವಾರ ಶುರು ಮಾಡಬೇಡಿ. ಗುರುವಾರ ಶುರು ಮಾಡಿದರೆ ಶುಕ್ರವಾರ ಇನ್ನೊಂದು ದಿನ, ಶನಿವಾರ ಹೇಗೂ ಬೆಳಗಿನ ಶಾಲೆ, ಆಮೇಲೆ ಭಾನುವಾರದ ವಿಶ್ರಾಂತಿ. ಮಗುವಿಗೂ ಮನೆಯವರಿಗೂ ಉಸಿರು ತೆಗೆದುಕೊಳ್ಳಲು ಸಮಯ ಸಿಗುತ್ತದೆ.

ಮೊದಲ ವಾರ ಬೆಳಗಿನ ಎರಡು ಪಿರಿಯಡ್ ಸಾಕು. ಅದು ಹಿಡಿಸಿದರೆ ಊಟದವರೆಗೆ, ಆಮೇಲೆ ಊಟದ ನಂತರ ಒಂದು ಪಿರಿಯಡ್, ಕೊನೆಗೆ ಪೂರ್ತಿ ದಿನ. ಒಂದೊಂದು ಮೆಟ್ಟಿಲಿನಲ್ಲಿ ಕನಿಷ್ಠ ಒಂದು ಪೂರ್ತಿ ದಿನ ನಿಂತು ನೋಡಿ. ತೀವ್ರ ಪೆಟ್ಟಾದ ಮಗು ಒಂದೇ ಮೆಟ್ಟಿಲಿನಲ್ಲಿ ಎರಡು ಮೂರು ವಾರ ನಿಲ್ಲಬಹುದು. ಏರುವುದಕ್ಕೆ ಅಳತೆ ಆ ಕೈಬೆರಳ ಲೆಕ್ಕವೇ. ಕಠಿಣ ವಿಷಯಗಳು ಬೆಳಿಗ್ಗೆ ಇರಲಿ. ಎರಡು ಪಿರಿಯಡ್ಡಿಗೊಮ್ಮೆ ಹತ್ತು ನಿಮಿಷ ಹೆಡ್ ಮಾಸ್ತರರ ಕೋಣೆಯಲ್ಲೋ ಗ್ರಂಥಾಲಯದ ಮೂಲೆಯಲ್ಲೋ ಕಣ್ಣು ಮುಚ್ಚಿ ಕೂರಲಿ. ವಿಶ್ರಾಂತಿಯನ್ನು ಮಗು ಕೇಳಿದಾಗ ಕೊಡುವುದಕ್ಕಿಂತ ಗಂಟೆ ನೋಡಿ ಕೊಡುವುದು ಮೇಲು. ಹೆಚ್ಚಿನ ಮಕ್ಕಳು ನಾಚಿಕೆಗೆ ಕೇಳುವುದೇ ಇಲ್ಲ, ತಲೆ ಸಿಡಿಯುವವರೆಗೆ ಸುಮ್ಮನಿರುತ್ತಾರೆ.

ಮನೆಗೆ ಬಂದ ಮೇಲೆ ಟ್ಯೂಷನ್ ಬೇಡ. ತಪ್ಪಿದ ಪಾಠವನ್ನೆಲ್ಲ ಒಂದೇ ತಿಂಗಳಲ್ಲಿ ತುಂಬಿಸುವ ಆತುರದಲ್ಲಿ ಸಂಜೆ ಎರಡು ತಾಸು ಟ್ಯೂಷನ್ನಿಗೆ ಕಳಿಸಿದರೆ ಮರುದಿನ ಬೆಳಗಿನ ಪಿರಿಯಡ್ಡೂ ಹಾಳು. ಹೋಂವರ್ಕ್ ಅರ್ಧಕ್ಕೆ ಇಳಿಸಿ: ಹತ್ತು ಲೆಕ್ಕದ ಬದಲು ಐದು, ಆದರೆ ಪ್ರತಿ ಬಗೆಯದೂ ಒಂದೊಂದು ಇರಲಿ.

ತರಗತಿಯೊಳಗೆ

ಬೋರ್ಡಿನಿಂದ ಬರೆದುಕೊಳ್ಳುವ ಕೆಲಸವನ್ನು ಹತ್ತಿರದಿಂದ ನೋಡಿ. ತಲೆಯೆತ್ತಿ ಓದಬೇಕು, ಓದಿದ್ದನ್ನು ನೆನಪಿನಲ್ಲಿ ಹಿಡಿಯಬೇಕು, ತಲೆ ತಗ್ಗಿಸಿ ನೋಟ್‌ಬುಕ್ಕಿನ ಸಾಲು ಹುಡುಕಬೇಕು, ಬರೆಯಬೇಕು, ಮತ್ತೆ ತಲೆಯೆತ್ತಿ ಬಿಟ್ಟ ಜಾಗ ಹುಡುಕಬೇಕು. ಬೇರೆ ಮಕ್ಕಳು ಒಂದು ಸಲಕ್ಕೆ ಐದಾರು ಪದ ಹೊತ್ತು ತಂದರೆ ಈ ಮಗು ಒಂದೋ ಎರಡೋ ತರುತ್ತದೆ. ಅವರು ಹತ್ತು ಸಲ ತಲೆಯೆತ್ತುವಲ್ಲಿ ಇದು ಮೂವತ್ತು ಸಲ ಎತ್ತುತ್ತದೆ. ನಡುವೆ ಅಕ್ಕೋರು ಬೋರ್ಡ್ ಒರೆಸುತ್ತಾರೆ. ಆಗಲೇ ಮಗು ಪೆನ್ನು ಕೆಳಗಿಡುವುದು, ಆಗಲೇ "ಯಾಕ, ಬರಿಯಾಕ ಬ್ಯಾಸರೇನು?" ಎಂಬ ಮಾತು ಬೀಳುವುದು. ಪರಿಹಾರ ಸುಲಭ: ಪಕ್ಕದ ಗೆಳತಿಯ ನೋಟ್‌ಬುಕ್ಕಿನ ಜೆರಾಕ್ಸ್ ಕೊಟ್ಟುಬಿಡಿ. ಆ ಹೊತ್ತಿನಲ್ಲಿ ಮಗು ಪಾಠ ಕೇಳಲಿ, ಮುಖ್ಯ ಪದಗಳಿಗೆ ಗೆರೆ ಎಳೆಯಲಿ.

ಕೂರಿಸುವುದು ಮುಂದಿನ ಸಾಲಿನಲ್ಲಿ, ಕಿಟಕಿಯ ಬೆಳಕಿಗೆ ಬೆನ್ನು ಮಾಡಿ. ಆದರೆ ಕಣ್ಣಿನ ಪರೀಕ್ಷೆ ಆಗದೆ ಜಾಗ ನಿಶ್ಚಯಿಸಬೇಡಿ. ಕೆಲವರಿಗೆ ಎರಡೂ ಕಣ್ಣು ಚೆನ್ನಾಗಿದ್ದರೂ ಒಂದು ಬದಿಯ ನೋಟವೇ ಹೋಗಿರುತ್ತದೆ. ಗುರುತು ಹಿಡಿಯುವುದು ಕಷ್ಟವಲ್ಲ: ಹಾಳೆಯ ಎಡಭಾಗದ ಪದಗಳನ್ನೇ ಬಿಟ್ಟು ಓದುತ್ತದೆ, ತಟ್ಟೆಯ ಒಂದು ಬದಿಯ ಅನ್ನ ಹಾಗೇ ಉಳಿಯುತ್ತದೆ, ಅದೇ ಬದಿಯ ಬಾಗಿಲಿಗೆ ಭುಜ ತಾಗುತ್ತದೆ. ಎಡ ಕಾಣದ ಮಗುವನ್ನು ಬೋರ್ಡು ಬಲಕ್ಕೆ ಬೀಳುವಂತೆ ತರಗತಿಯ ಎಡಬದಿಗೆ ಕೂರಿಸಿ, ಪುಟದ ಎಡ ಅಂಚಿಗೆ ದಪ್ಪ ಕೆಂಪು ಗೆರೆ ಎಳೆದು, ಆ ಗೆರೆಯಿಂದಲೇ ಸಾಲು ಶುರು ಮಾಡುವ ರೂಢಿ ಮಾಡಿಸಿ.

ಸದ್ದು ಇನ್ನೊಂದು ಕಷ್ಟ. ತಗಡಿನ ಸೂರಿನ ಮೇಲಿನ ಮಳೆ, ಊಟದ ಹೊತ್ತಿನ ಸ್ಟೀಲ್ ತಟ್ಟೆಗಳ ಗದ್ದಲ ತಲೆಯೊಳಗೆ ಸುತ್ತಿಗೆಯಂತೆ ಬಡಿಯುತ್ತವೆ. ಬಿಸಿಯೂಟಕ್ಕೆ ಐದು ನಿಮಿಷ ಮೊದಲೇ ಒಬ್ಬ ಗೆಳೆಯನ ಜೊತೆ ಬಿಡಿ, ವರಾಂಡದ ತುದಿಯಲ್ಲಿ ಉಣ್ಣಲಿ.

ಹೇಳುವಾಗ ಒಂದು ಸಲಕ್ಕೆ ಒಂದೇ ಕೆಲಸ. "ಪುಸ್ತಕ ತಗೀರಿ, 42ನೇ ಪುಟ, ಎರಡನೇ ಲೆಕ್ಕ, ಬರೆದು ತೋರಿಸಿ" ಎನ್ನುವುದರಲ್ಲಿ ನಾಲ್ಕು ಕೆಲಸವಿದೆ. ಮಗುವಿನ ಕೈಗೆ ಸಿಗುವುದು ಮೊದಲನೆಯದು ಇಲ್ಲವೇ ಕೊನೆಯದು. ಪ್ರಶ್ನೆ ಕೇಳಿದ ಮೇಲೆ ಮನಸ್ಸಿನಲ್ಲೇ ಹತ್ತರವರೆಗೆ ಎಣಿಸಿ ಕಾಯಿರಿ. ಉತ್ತರ ಬರುತ್ತದೆ, ತಡವಾಗಿ ಬರುತ್ತದೆ. ನಡುವೆ ಪ್ರಶ್ನೆಯನ್ನು ಬೇರೆ ಮಾತಿನಲ್ಲಿ ಕೇಳಿದರೆ ಮಗು ಮೊದಲಿನಿಂದ ಶುರು ಮಾಡಬೇಕಾಗುತ್ತದೆ.

ಮನೆಯಲ್ಲಿ ತೆಲುಗು ಅಥವಾ ಉರ್ದು ಆಡುವ ಮಕ್ಕಳು ನಮ್ಮ ಗಡಿಯ ಊರುಗಳಲ್ಲಿ ಬಹಳ. ಪೆಟ್ಟಿನ ನಂತರ ಕನ್ನಡದ ಪದ ಬಾಯಿಗೆ ಬರದೆ ಮನೆಯ ಮಾತೇ ಮೊದಲು ಬಂದರೆ ತಡೆಯಬೇಡಿ. ವಿಷಯ ತಿಳಿದಿದೆಯೇ ಎಂಬುದನ್ನು ಯಾವ ಭಾಷೆಯಲ್ಲಾದರೂ ಕೇಳಿ ತಿಳಿಯಬಹುದು.

ಹಳೆಯದು ಬರುತ್ತದೆ, ಹೊಸದು ನಿಲ್ಲುವುದಿಲ್ಲ

ಶಿಕ್ಷಕರು ಅತಿ ಹೆಚ್ಚು ಮೋಸಹೋಗುವುದು ಇಲ್ಲಿ. ಮಗುವನ್ನು ಕರೆದು ಮಗ್ಗಿ ಕೇಳುತ್ತಾರೆ, ಪಟಪಟನೆ ಹೇಳುತ್ತದೆ. ಪದ್ಯ ಕೇಳುತ್ತಾರೆ, ಹಾಡುತ್ತದೆ. ಬುದ್ಧಿ ಸರಿಯಾಗಿದೆ ಎಂದು ಬಿಡುತ್ತಾರೆ. ಆದರೆ ಅವೆಲ್ಲ ಪೆಟ್ಟಿಗೆ ಮುಂಚೆ ಕಲಿತದ್ದು. ಪರೀಕ್ಷಿಸುವುದಾದರೆ ಹೊಸದನ್ನು ಕಲಿಸಿ ನೋಡಿ: ಈವರೆಗೆ ಕೇಳದ ಐದು ಪದ ಹೇಳಿಕೊಟ್ಟು ಅರ್ಧ ತಾಸಿನ ನಂತರ ಒಮ್ಮೆ, ಮರುದಿನ ಬೆಳಿಗ್ಗೆ ಒಮ್ಮೆ ಕೇಳಿ. ಎಷ್ಟು ಉಳಿಯಿತು ಎಂಬುದರಲ್ಲಿ ನಿಜ ಸ್ಥಿತಿ ಕಾಣುತ್ತದೆ.

ಹೊಸದನ್ನು ನಿಲ್ಲಿಸಲು ಒಂದೇ ದಿನ ಹತ್ತು ಸಲ ಬರೆಸುವುದರಿಂದ ಉಪಯೋಗವಿಲ್ಲ. ಇಂದು, ನಾಳೆ, ಮೂರನೇ ದಿನ, ಏಳನೇ ದಿನ ಹೀಗೆ ಬಿಟ್ಟು ಬಿಟ್ಟು ಕೇಳಿ. ಗೊತ್ತಿಲ್ಲದಿದ್ದಾಗ ಊಹಿಸಲು ಹೇಳಬೇಡಿ, ಸರಿ ಉತ್ತರವನ್ನು ನೀವೇ ಹೇಳಿ ಮಗುವಿನಿಂದ ಹೇಳಿಸಿ. ನೆನಪು ದುರ್ಬಲವಿದ್ದಾಗ ಊಹಿಸಿದ ತಪ್ಪೇ ಗಟ್ಟಿಯಾಗಿ ಕೂತುಬಿಡುತ್ತದೆ. ಒಂದು ಚಿಕ್ಕ ನೋಟ್‌ಬುಕ್ಕನ್ನು ದಾರ ಕಟ್ಟಿ ಚೀಲಕ್ಕೆ ಬಿಗಿಯಿರಿ. ಎಡಪುಟದಲ್ಲಿ ಇಂದಿನ ಪಿರಿಯಡ್‌ಗಳು, ಬಲಪುಟದಲ್ಲಿ ನಾಳೆ ತರಬೇಕಾದದ್ದು. ಸಂಜೆ ಹೊರಡುವ ಮೊದಲು ಶಿಕ್ಷಕರು ನೋಡಿ ಸಹಿ ಹಾಕಲಿ.

ಸಿಟ್ಟು, ಅಳು, ಬಾಯಿಗೆ ಬಂದ ಮಾತು

ಹಣೆಯ ಹಿಂದಿನ ಮೆದುಳಿನ ಭಾಗ ಮಾತಿಗೂ ಸಿಟ್ಟಿಗೂ ಲಗಾಮು ಹಾಕುತ್ತದೆ. ಅಲ್ಲಿ ಪೆಟ್ಟಾದರೆ ಲಗಾಮು ಸಡಿಲವಾಗುತ್ತದೆ. ಮೆತ್ತಗಿದ್ದ ಹುಡುಗಿ ಬೈಯತೊಡಗಬಹುದು, ಹುಡುಗ ಎಲ್ಲರೆದುರು ಅಳಬಹುದು. ಫಿಟ್ಸಿಗೆ ಕೊಡುವ ಲೆವೆಟಿರಾಸಿಟಾಮ್ ಗುಳಿಗೆ ಕೆಲವು ಮಕ್ಕಳಲ್ಲಿ ಸಿಡುಕು ಹೆಚ್ಚಿಸುತ್ತದೆ. ಹಾಗೆ ಕಂಡರೆ ನೀವೇ ನಿಲ್ಲಿಸದೆ ಡಾಕ್ಟರಿಗೆ ಹೇಳಿ. ಸಿಟ್ಟು ಬಂದ ಹೊತ್ತಿನಲ್ಲಿ ಬುದ್ಧಿಮಾತು ಬೇಡ. ದನಿ ತಗ್ಗಿಸಿ, ಹೊರಗೆ ಕರೆದೊಯ್ದು, ನೀರು ಕುಡಿಸಿ, ಹತ್ತು ನಿಮಿಷ ಬಿಡಿ. ಯಾವ ಹೊತ್ತಿಗೆ ಹೀಗಾಗುತ್ತದೆ ಎಂದು ಒಂದು ವಾರ ಬರೆದು ನೋಡಿದರೆ ಅದು ಬಹುಪಾಲು ದಣಿವಿನ ಹೊತ್ತೇ ಆಗಿರುತ್ತದೆ. ಮಗು ಮಂಕಾಗಿ, ಬದುಕು ಬೇಡ ಎಂಬಂಥ ಮಾತಾಡಿದರೆ ತಡ ಮಾಡಬೇಡಿ: ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಕರೆ ಮಾಡಿ ಕನ್ನಡದಲ್ಲೇ ಮಾತಾಡಬಹುದು.

ಫಿಟ್ಸ್ ಬಂದರೆ

ಗಡಿಯಾರ ನೋಡಿ. ಸುತ್ತಲಿನ ಬೆಂಚು ಸರಿಸಿ, ತಲೆಯ ಕೆಳಗೆ ಚೀಲವನ್ನೋ ಮಡಚಿದ ಬಟ್ಟೆಯನ್ನೋ ಇಟ್ಟು, ಮಗುವನ್ನು ಪಕ್ಕಕ್ಕೆ ಹೊರಳಿಸಿ. ಬಾಯಿಗೆ ಚಮಚ, ಬೆರಳು, ನೀರು ಏನೂ ಬೇಡ. ಕೈಯಲ್ಲಿ ಕಬ್ಬಿಣದ ಕೀಲಿ, ಮೂಗಿಗೆ ಚಪ್ಪಲಿ, ಉಳ್ಳಾಗಡ್ಡಿ ಹಿಡಿಯುವ ರೂಢಿ ನಮ್ಮಲ್ಲಿ ಇನ್ನೂ ಇದೆ. ಫಿಟ್ಸ್ ಹೆಚ್ಚಾಗಿ ಎರಡು ಮೂರು ನಿಮಿಷದಲ್ಲಿ ತಾನಾಗಿ ನಿಲ್ಲುತ್ತದೆ, ಕೀಲಿಯಿಂದಲೇ ನಿಂತಿತು ಎಂದು ನೋಡಿದವರು ನಂಬುತ್ತಾರೆ; ಆ ಗಡಿಬಿಡಿಯಲ್ಲಿ ಪಕ್ಕಕ್ಕೆ ಹೊರಳಿಸುವುದೇ ಮರೆತುಹೋಗುತ್ತದೆ. ಐದು ನಿಮಿಷ ದಾಟಿದರೆ ಅಥವಾ ಎಚ್ಚರವಾಗುವ ಮೊದಲೇ ಇನ್ನೊಂದು ಬಂದರೆ 108ಕ್ಕೆ ಕರೆ ಮಾಡಿ. ಪದೇ ಪದೇ ವಾಂತಿ, ಏರುತ್ತಲೇ ಹೋಗುವ ತಲೆನೋವು, ಎಬ್ಬಿಸಿದರೂ ಏಳದ ನಿದ್ದೆ, ಒಂದು ಕೈಯಲ್ಲಿ ಬಲವಿಲ್ಲದಿರುವುದು, ಮೂಗು ಕಿವಿಯಿಂದ ತಿಳಿನೀರು ಕಂಡರೂ ಹಾಗೆಯೇ.

ಫಿಟ್ಸ್ ಮರಳಿ ಬರುವುದಕ್ಕೆ ದೊಡ್ಡ ಕಾರಣ ಗುಳಿಗೆ ತಪ್ಪುವುದು. ಗುಳೆ ಹೋಗುವ ಮನೆಗಳಲ್ಲಿ ಇದು ಹೆಚ್ಚು: ಅಪ್ಪ ಅವ್ವ ಬೆಂಗಳೂರಿಗೆ ಹೋಗಿರುತ್ತಾರೆ, ಅಜ್ಜಿಗೆ ಗುಳಿಗೆಯ ಹೆಸರು ಓದಲು ಬರುವುದಿಲ್ಲ, ತೀರಿದಾಗ ತರುವವರಿಲ್ಲ. ಹೊರಡುವ ಮೊದಲು ತಿಂಗಳ ಗುಳಿಗೆ ತಂದಿಟ್ಟು, ಗುಳಿಗೆ ತೀರಿದ ಖಾಲಿ ಸ್ಟ್ರಿಪ್ಪನ್ನು ಎಸೆಯದೆ ಅಜ್ಜಿಯ ಕೈಗೆ ಕೊಟ್ಟು, ಊರಿನ ಆಶಾ ಕಾರ್ಯಕರ್ತೆಗೆ ಹೇಳಿ ಹೋಗಿ.

ಆಟ, ಕಾಲುವೆ, ಬಿಸಿಲು

ಪೂರ್ತಿ ದಿನದ ಶಾಲೆ ತಲೆನೋವಿಲ್ಲದೆ ಆಗುವವರೆಗೆ ಕಬಡ್ಡಿ, ಕೊಕ್ಕೊ, ಕ್ರಿಕೆಟ್ ಬೇಡ. ಆಮೇಲೂ ಡಾಕ್ಟರ್ ಒಪ್ಪಿಗೆ ಬೇಕು. ಮೊದಲ ಪೆಟ್ಟು ಮಾಯುವ ಮೊದಲು ಬೀಳುವ ಎರಡನೇ ಪೆಟ್ಟು, ಅಪರೂಪಕ್ಕೆ, ಪ್ರಾಣಕ್ಕೇ ಎರವಾಗುವಷ್ಟು ಮೆದುಳನ್ನು ಬಾತಿಸಬಲ್ಲದು. ನಡೆಯುವುದು ಮಾತ್ರ ಒಳ್ಳೆಯದು, ಬೇಗ ಶುರು ಮಾಡಿಸಿ. ಫಿಟ್ಸ್ ಇರುವ ಮಗು ತುಂಗಭದ್ರಾ ಕಾಲುವೆಗೆ, ಬಾವಿಗೆ ಒಬ್ಬಂಟಿಯಾಗಿ ಇಳಿಯಬಾರದು. ಮರ, ಮಾಳಿಗೆ ಹತ್ತಬಾರದು. ಒಲೆಯ ಮುಂದೆ ಒಬ್ಬರೇ ಕೂರಬಾರದು.

ಬೇಸಿಗೆಯಲ್ಲಿ ಬೆಳಗಿನ ಶಾಲೆಯಿದ್ದರೂ ಮನೆಗೆ ಮರಳುವ ಹೊತ್ತು ಉರಿಬಿಸಿಲು. ಟೋಪಿ, ಒಂದು ಲೀಟರ್ ನೀರಿನ ಬಾಟಲಿ ಕಡ್ಡಾಯ; ನೀರು ಕಡಿಮೆಯಾದರೆ ತಲೆನೋವು ಏರುತ್ತದೆ. ನೋವಿನ ಗುಳಿಗೆ ವಾರಕ್ಕೆ ಎರಡು ಮೂರು ದಿನಕ್ಕಿಂತ ಹೆಚ್ಚು ಬೇಕಾದರೆ ಡಾಕ್ಟರಿಗೆ ತೋರಿಸಿ. ದಿನಾ ನುಂಗಿದರೆ ಗುಳಿಗೆಯೇ ತಲೆನೋವು ತರುತ್ತದೆ.

ಕಾಗದಪತ್ರ, ಪರೀಕ್ಷೆ

2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯಲ್ಲಿ 21 ಬಗೆಯ ವೈಕಲ್ಯಗಳಿವೆ. ಮೆದುಳಿನ ಪೆಟ್ಟು ಆ ಹೆಸರಿನಿಂದ ಅದರಲ್ಲಿಲ್ಲ. ಹಾಗಾಗಿ ಅರ್ಜಿ ಹಾಕುವಾಗ ಪೆಟ್ಟಿನಿಂದ ಉಳಿದ ತೊಂದರೆ ಹೇಳಬೇಕು: ಕೈಕಾಲಿನದೋ, ಮಾತಿನದೋ, ನೋಟದ್ದೋ, ಬುದ್ಧಿಶಕ್ತಿಯದೋ. ಯು.ಡಿ.ಐ.ಡಿ. ಕಾರ್ಡಿಗೆ, ಅಂದರೆ ವಿಕಲಚೇತನರ ಗುರುತಿನ ಚೀಟಿಗೆ, ಆನ್‌ಲೈನಿನಲ್ಲಿ ಅರ್ಜಿ ಹಾಕಿದ ಮೇಲೆ ಸರ್ಕಾರಿ ಆಸ್ಪತ್ರೆಯಲ್ಲಿ ತಪಾಸಣೆ. ಗ್ರಾಮ ಪಂಚಾಯಿತಿಯ ಪುನರ್ವಸತಿ ಕಾರ್ಯಕರ್ತರು ಈ ಓಡಾಟಕ್ಕೆ ನೆರವಾಗುತ್ತಾರೆ. ವೈಕಲ್ಯ ಶೇ. 40 ಅಥವಾ ಅದಕ್ಕಿಂತ ಹೆಚ್ಚೆಂದು ಬಂದರೆ 18 ವರ್ಷದವರೆಗೆ ಉಚಿತ ಶಿಕ್ಷಣದ ಹಕ್ಕಿದೆ.

ಎಸ್.ಎಸ್.ಎಲ್.ಸಿ. ಮಗುವಾದರೆ ಪರೀಕ್ಷೆಯಲ್ಲಿ ಬರೆಯುವವರ ನೆರವು, ಹೆಚ್ಚುವರಿ ಸಮಯಕ್ಕಾಗಿ ಹೆಡ್ ಮಾಸ್ತರರ ಮೂಲಕ ಮಂಡಳಿಗೆ ಮುಂಚಿತವಾಗಿ ಅರ್ಜಿ ಹೋಗಬೇಕು. ಪ್ರವೇಶಪತ್ರ ಬಂದ ಮೇಲೆ ನೆನೆದರೆ ತಡವಾಯಿತು. ಹಾಜರಾತಿ ಶೇ. 75 ಬೇಕು. ಆಸ್ಪತ್ರೆಯ ದಿನಗಳ, ಅರ್ಧ ದಿನಗಳ ವೈದ್ಯಕೀಯ ಚೀಟಿ ಒಂದೂ ಕಳೆಯಬೇಡಿ. ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಸಲ ಪರೀಕ್ಷೆ ಇರುವುದರಿಂದ ಮೊದಲ ಸಲವೇ ಆರೂ ವಿಷಯ ಮುಗಿಸಬೇಕೆಂಬ ಒತ್ತಡ ಹಾಕುವ ಅಗತ್ಯವಿಲ್ಲ.

ಒಂದು ವರ್ಷದ ನಂತರ

ಚಿಕ್ಕ ವಯಸ್ಸಿನಲ್ಲಿ ಆದ ಪೆಟ್ಟಿನ ಫಲ ತಡವಾಗಿ ಕಾಣಬಹುದು. ಮೂರನೇ ತರಗತಿಯಲ್ಲಿ ಸರಿಹೋಯಿತು ಎನಿಸಿದ ಮಗು ಎಂಟನೇ ತರಗತಿಗೆ ಬಂದು ಬೀಜಗಣಿತ, ಮೂರು ಭಾಷೆ, ವಿಷಯಕ್ಕೊಬ್ಬ ಶಿಕ್ಷಕರು ಎದುರಾದಾಗ ತಡವರಿಸುತ್ತದೆ. ತಾನೇ ಯೋಜಿಸಿ, ನೆನಪಿಟ್ಟು, ಸಮಯ ಹಂಚಿಕೊಂಡು ಓದುವ ಕೆಲಸ ಆ ವಯಸ್ಸಿನಲ್ಲೇ ಮೊದಲ ಸಲ ಬೀಳುತ್ತದೆ. ಅಷ್ಟು ಹೊತ್ತಿಗೆ ಹಳೆಯ ಪೆಟ್ಟು ಯಾರಿಗೂ ನೆನಪಿರುವುದಿಲ್ಲ. ಹಿರಿಯ ಪ್ರಾಥಮಿಕದಿಂದ ಹೈಸ್ಕೂಲಿಗೆ, ಅಲ್ಲಿಂದ ಕಾಲೇಜಿಗೆ ಟಿ.ಸಿ. ಹೋಗುವಾಗ ಆ ಒಂದು ಹಾಳೆಯೂ ಜೊತೆಗೆ ಹೋಗಲಿ. ಪೆಟ್ಟಾದ ತಿಂಗಳು ವರ್ಷ, ಈಗಿನ ಗುಳಿಗೆ, ಯಾವುದು ಕಷ್ಟ, ತರಗತಿಯಲ್ಲಿ ಯಾವ ನೆರವು ಕೆಲಸಕ್ಕೆ ಬಂತು ಎಂಬುದನ್ನು ಹಳೆಯ ಶಾಲೆಯ ಶಿಕ್ಷಕರೇ ತಮ್ಮ ಕೈಯಲ್ಲಿ ಬರೆದು, ಹೊಸ ಶಾಲೆಯ ತರಗತಿ ಶಿಕ್ಷಕರಿಗೆ ಜೂನ್ ತಿಂಗಳಲ್ಲೇ ಮುಟ್ಟಿಸಬೇಕು.